ಅಂಚು ಉಜ್ಜಿದ ಡ್ರಮ್ಮುಗಳು

ಮೊದಲ ಲೇತು ನೋಡಿದ್ದು ಕೋಳಿಗೂಡಿನಲ್ಲಿ.

ಅಮ್ಮಸಂದ್ರದ ಹತ್ತಿರ ಒಬ್ಬರ ಹಿತ್ತಿಲು ಅದು. ಆ ಮನೆಯವರ ತಂದೆ ಸಿಮೆಂಟು ಲಾರಿಗಳಿಗೆ ಬ್ರೇಕಿನ ಕೆಲಸ ಮಾಡುತ್ತಿದ್ದವರಂತೆ. ಅವರು ತೀರಿಕೊಂಡ ಮೇಲೆ ಮಗ ಯಂತ್ರವನ್ನು ತಗಡಿನ ಶೆಡ್ಡಿಗೆ ತಳ್ಳಿ, ಅದೇ ಶೆಡ್ಡಿನಲ್ಲಿ ನಾಟಿ ಕೋಳಿ ಸಾಕಿದ್ದ. ಬಾಗಿಲು ತೆಗೆದ ಕೂಡಲೇ ಕಣ್ಣು ಉರಿಯಿತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದೆ. ಬ್ರೇಕ್ ಡ್ರಮ್ಮು ಸಿಕ್ಕಿಸುವ ಉಕ್ಕಿನ ದಂಡ, ಅಂದರೆ ಸ್ಪಿಂಡಲ್ಲಿನ ಮೇಲೆ ಎರಡು ಹ್ಯಾಟೆಗಳು ಸಾಲಾಗಿ ಕೂತಿದ್ದವು. ಅವುಗಳ ಕೆಳಗೆ ವರ್ಷಗಟ್ಟಲೆಯ ಹಿಕ್ಕೆ ಪದರ ಪದರವಾಗಿ ಗಟ್ಟಿಯಾಗಿ, ಗಾರೆ ಹಾಕಿದ ಹಾಗಿತ್ತು. ಮೋಟಾರಿನ ಮುಚ್ಚಳ ಬಿಚ್ಚಿದರೆ ಒಳಗೆ ಇಲಿಯ ಗೂಡು, ಗೂಡಿನ ತುಂಬ ಒಣಗಿ ತೊಗಲಾಗಿದ್ದ ಮರಿಗಳು. ಮುಚ್ಚಳ ಕೈಜಾರಿ ಬಿತ್ತು.

"ತೊಳದ್ರೆ ಹೋಯ್ತದೆ ಕಣಕ್ಕ," ಎಂದ ಮಗ, ಬಾಗಿಲ ಹೊರಗೆ ನಿಂತೇ. ತಾನು ಮಾತ್ರ ಒಳಗೆ ಬರಲಿಲ್ಲ.

ಸ್ಕ್ರೂಡ್ರೈವರಿನಲ್ಲಿ ಕೆರೆದು ನೋಡಿದೆ. ಹಿಕ್ಕೆಯ ಅಡಿಯಲ್ಲಿ ಸ್ಪಿಂಡಲ್ಲಿನ ಉಕ್ಕನ್ನು ಸಿಡುಬು ತಿಂದ ಹಾಗೆ ತುಕ್ಕು ತಿಂದಿತ್ತು. ಅಂಥ ಸ್ಪಿಂಡಲ್ಲಿಗೆ ಡ್ರಮ್ಮು ಕಟ್ಟಿದರೆ ನೆಟ್ಟಗೆ ತಿರುಗುವುದಿಲ್ಲ. ಬೇಡ ಎಂದು ಹೇಳಿ ಹೊರಗೆ ಬಂದು, ಅವರ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡೆ. ಮನೆಗೆ ಹೋಗಿ ಸೀಗೆಪುಡಿ ಹಾಕಿ ಮತ್ತೆ ತೊಳೆದರೂ ಊಟ ಸೇರಲಿಲ್ಲ.

ನನಗೆ ಬ್ರೇಕ್ ಲೇತು ಯಾಕೆ ಬೇಕಿತ್ತು ಎಂದು ಹೇಳಬೇಕು. ನಾನು ಬಿಳಿಗೆರೆ ಕಡೆಯ ತೋಟದ ಮನೆಯೊಂದರ ಸೊಸೆ. ಅಪ್ಪ ಅರಸೀಕೆರೆ ರಸ್ತೆಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದವರು. ನಾನು ಆಟವಾಡಿದ್ದು ಸ್ಪ್ಯಾನರು ಬೇರಿಂಗುಗಳ ಮಧ್ಯೆ, ಓದಿದ್ದೂ ಅಲ್ಲೇ ಕೂತು. ಮದುವೆಯಾಗಿ ಬಂದ ಮೇಲೆ ನಮ್ಮ ಟಿಲ್ಲರನ್ನೂ ಹಳೆಯ ಜೀಪನ್ನೂ ನಾನೇ ರಿಪೇರಿ ಮಾಡಿಕೊಳ್ಳುತ್ತಿದ್ದೆ. ಅಕ್ಕಪಕ್ಕದ ತೋಟದವರು ನೋಡಿ ತಮ್ಮವನ್ನೂ ತಂದರು. ನಮ್ಮ ಕೊಬ್ಬರಿ ಮನೆಯಲ್ಲಿ ಮೇಲೆ ಅಟ್ಟದ ತುಂಬ ಕಾಯಿ ಒಣಗುತ್ತದೆ, ಕೆಳಗೆ ನನ್ನ ಗ್ಯಾರೇಜು. ಗಂಡ ತೋಟ ನೋಡಿಕೊಳ್ಳುತ್ತಾರೆ. ನನ್ನ ಕೆಲಸಕ್ಕೆ ಅವರು ಅಡ್ಡ ಬಂದವರಲ್ಲ. ಅಟ್ಟದ ಕೊಬ್ಬರಿಗೆ ಪೆಟ್ರೋಲಿನ ವಾಸನೆ ಹತ್ತೀತು ಎಂದು ಒಮ್ಮೊಮ್ಮೆ ಗೊಣಗುತ್ತಾರೆ, ಅಷ್ಟೆ.

ಬರುವ ಗಾಡಿಗಳಲ್ಲಿ ಹೆಚ್ಚಿನವು ಕಾಯಿ ಹೊರುವ ಸಣ್ಣ ಗೂಡ್ಸ್ ಗಾಡಿಗಳು. ತಾಳುವುದಕ್ಕಿಂತ ಹೆಚ್ಚು ಹೇರು ಹೊತ್ತು, ಬ್ರೇಕು ತುಳಿದು ತುಳಿದು, ಚಕ್ರದೊಳಗಿನ ಬ್ರೇಕ್ ಡ್ರಮ್ಮಿನಲ್ಲಿ ಗೀರು ಬೀಳುತ್ತದೆ. ಆ ಡ್ರಮ್ಮನ್ನು ಲೇತಿಗೆ ಕಟ್ಟಿ ತಿರುಗಿಸಿ, ಒಳಮೈಯನ್ನು ಕೂದಲಿನಷ್ಟು ಹೆರೆದರೆ ಮತ್ತೆ ನುಣ್ಣಗಾಗುತ್ತದೆ. ಹೆರೆಯುವುದಕ್ಕೂ ಮಿತಿ ಉಂಟು. ಒಳಗಿನ ಅಳತೆ ಎಷ್ಟರವರೆಗೆ ಹಿಗ್ಗಬಹುದು ಎಂದು ಡ್ರಮ್ಮಿನ ಅಂಚಿನ ಮೇಲೆ ಅಚ್ಚು ಹಾಕಿರುತ್ತಾರೆ. ಅದನ್ನು ದಾಟಿದ ಡ್ರಮ್ಮು ತೆಳ್ಳಗಾಗುತ್ತದೆ, ಕಾದಾಗ ಬಿರಿಯುತ್ತದೆ. ಅದು ಗುಜರಿಗೇ ಹೋಗಬೇಕು. ಇದು ಅಪ್ಪ ನನಗೆ ಮೊದಲು ಹೇಳಿಕೊಟ್ಟ ಪಾಠಗಳಲ್ಲಿ ಒಂದು.

ನಾನು ಹೆರೆಸಲು ತಿಪಟೂರಿಗೆ ಕಳಿಸುತ್ತಿದ್ದೆ. ಕಳಿಸಿದ್ದು ವಾರವಾದರೂ ಬರುತ್ತಿರಲಿಲ್ಲ. ಬಂದರೆ ಒಳಮೈ ಕೊಬ್ಬರಿ ತುರಿದ ಹಾಗೆ ತರಿತರಿ. ಕೇಳಿದರೆ, ನಿಮ್ಮ ಯಜಮಾನರನ್ನ ಕಳ್ಸಿ, ಅವರಿಗೆ ಹೇಳ್ತೀವಿ ಎನ್ನುತ್ತಿದ್ದರು. ಯಜಮಾನರಿಗೆ ಡ್ರಮ್ಮಿಗೂ ಬೋಗುಣಿಗೂ ವ್ಯತ್ಯಾಸ ತಿಳಿಯದು. ಈ ಮಾತು ಕೇಳಿ ಕೇಳಿ ರೋಸಿಹೋಗಿ, ಹಳೆಯದಾದರೂ ಸರಿ, ಒಂದು ಲೇತು ನನ್ನ ಮನೆಯಲ್ಲೇ ಇರಲಿ ಎಂದು ಹೊರಟೆ.

ನನ್ನ ಜೊತೆ ಬರುತ್ತಿದ್ದವನು ಮೈದುನ. ಗಂಡನ ತಮ್ಮ, ನನಗಿಂತ ತುಂಬ ಚಿಕ್ಕವನು. ಮಾರುಕಟ್ಟೆಗೆ ಕಾಯಿ, ಕೊಬ್ಬರಿ ಸಾಗಿಸುವ ಗಾಡಿ ಅವನದೇ. ಒಳ್ಳೆಯ ಹುಡುಗ, ಆದರೆ ಮಿಂಚುವುದೆಲ್ಲ ಅವನಿಗೆ ಹೊಸದು. ಎರಡನೆಯ ಯಂತ್ರವನ್ನು ಹುಡುಕಿದವನು ಅವನೇ. ತಿಪಟೂರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ವಾಟ್ಸಾಪಿಗೆ ಫೋಟೊ ಕಳಿಸಿದ್ದ. ಫೋಟೊದಲ್ಲಿ ಗಿಣಿಹಸಿರು ಬಣ್ಣದ ಲೇತು, ಅದರ ಎದೆಯ ಮೇಲೆ ಇಂಗ್ಲಿಷಿನ ಹಿತ್ತಾಳೆ ಫಲಕ.

ಹೋದಾಗ ವ್ಯಾಪಾರಿ ಮೈದುನನಿಗೆ ಕುರ್ಚಿ ಕೊಟ್ಟ. ನನಗೆ, ಅಮ್ಮ ಬೇಕಾದ್ರೆ ಗಾಡೀಲೆ ಕೂತ್ಕಳ್ಳಿ, ಇಲ್ಲಿ ಧೂಳು ಎಂದ. ಅಮೆರಿಕಾದ ಮಾಲು, ಮಿಲಿಟರಿ ವರ್ಕ್‌ಶಾಪಿನಿಂದ ಬಂದಿದ್ದು ಎಂದು ಮೈದುನನಿಗೆ ವಿವರಿಸತೊಡಗಿದ. ನಾನು ಕೂರಲಿಲ್ಲ. ಯಂತ್ರದ ಸುತ್ತ ಒಂದು ಸುತ್ತು ಹಾಕಿ, ತಳದ ಒಳಮೈಗೆ ಹೆಬ್ಬೆರಳ ಉಗುರು ಒತ್ತಿದೆ. ಹಸಿರು ಬಣ್ಣ ಉಗುರಿನೊಳಗೆ ಬಂತು. ಇನ್ನೂ ಒಣಗಿರಲಿಲ್ಲ. ಅದರ ಕೆಳಗೆ ಮೆತ್ತಿ ಮುಚ್ಚಿದ ಲಪ್ಪ, ಲಪ್ಪದ ಕೆಳಗೆ ಎರಕದ ಬಿರುಕು.

ಹಳೆಯ ಯಂತ್ರ ಯಾರದು ಎಂದು ಗುರುತಿಸಲು ಹೊರಟವರು ಫಲಕವನ್ನು ಕೊನೆಗೆ ನೋಡಬೇಕು. ಫಲಕವನ್ನು ಯಾರು ಬೇಕಾದರೂ ಕಿತ್ತು ಎಲ್ಲಿಗೆ ಬೇಕಾದರೂ ಬಡಿಯಬಹುದು. ಇದರ ಫಲಕ ಹಳೆಯದೇ, ಆದರೆ ಅದನ್ನು ಹಿಡಿದಿದ್ದ ರಿವೆಟ್ಟುಗಳು ಮೊನ್ನೆ ಮೊನ್ನೆಯವು. ಸ್ಪಿಂಡಲ್ಲಿಗೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದೆ. ಅಂಥ ಅಮೆರಿಕಾದ ಲೇತಿಗೆ ಒಂದು ಇಂಚಿನ ಸ್ಪಿಂಡಲ್ ಇರಬೇಕು. ಇದು ಸರಿಯಾಗಿ ಇಪ್ಪತ್ತೈದು ಮಿಲಿಮೀಟರು, ಇಂಚಿಗಿಂತ ಒಂದು ಚೂರು ಸಣ್ಣ. ಇಲ್ಲೇ ಎಲ್ಲೋ ಫೌಂಡ್ರಿಯಲ್ಲಿ ಅಸಲಿ ಯಂತ್ರವನ್ನೇ ಮರಳಿಗೆ ಒತ್ತಿ ಎರಕ ಹೊಯ್ದ ನಕಲು. ಜೊತೆಗಿದ್ದ, ಡ್ರಮ್ಮನ್ನು ಸ್ಪಿಂಡಲ್ಲಿಗೆ ಬಿಗಿಯುವ ಬಿಲ್ಲೆಗಳು ಮಾತ್ರ ಬೇರೆಲ್ಲಿಯದೋ ಅಸಲಿ. ಸ್ಪಿಂಡಲ್ಲಿಗೆ ಹಾಕಿದರೆ ಒನಕೆಗೆ ಬಳೆ ತೊಡಿಸಿದ ಹಾಗೆ ಅಲ್ಲಾಡಿದವು.

ಇದನ್ನೆಲ್ಲ ತೋರಿಸಿ ಹೇಳಿದೆ. ವ್ಯಾಪಾರಿ ನನ್ನ ಕಡೆ ತಿರುಗಲಿಲ್ಲ. ಮೈದುನನಿಗೇ, ಹೆಂಗಸ್ರನ್ನ ಕರ್ಕಂಡ್ ಬಂದ್ರೆ ಯಾಪಾರ ಆಗಲ್ಲ ಕಣಪ್ಪ ಎಂದು ಹಲ್ಲು ಬಿಟ್ಟ. ಅಡಿಕೆಯ ರಸ ಅವನ ತುಟಿಯ ಮೂಲೆಯಲ್ಲಿ ಇಳಿಯುತ್ತಿತ್ತು. ಅದನ್ನು ಒರೆಸಿಕೊಂಡ ಕೈಯಲ್ಲೇ ಯಂತ್ರದ ಬೆನ್ನು ಸವರಿದ. ನಾನು ಉಗುರಿನೊಳಗಿನ ಹಸಿರು ಕೆರೆಯುತ್ತ ಗಾಡಿ ಹತ್ತಿದೆ. ಮೈದುನ ದಾರಿಯುದ್ದಕ್ಕೂ, ಬಣ್ಣ ಮಾತ್ರ ಚೆನ್ನಾಗಿತ್ತು ಅತ್ತಿಗೆ ಎನ್ನುತ್ತಲೇ ಬಂದ.

ಮೂರನೆಯದು ತುರುವೇಕೆರೆಯದು. ಅದರ ವಿಚಾರವೇ ಬೇರೆ.

ಗ್ಯಾರೇಜಿನ ಮಾಲೀಕರು ಅರವತ್ತರ ಆಸುಪಾಸಿನವರು. ಊರಿನಲ್ಲಿ ಒಳ್ಳೆಯ ಹೆಸರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದು ಮಾತು. ದೊಡ್ಡ ಯಂತ್ರ ತೆಗೆದುಕೊಳ್ಳುತ್ತೇನೆ, ಹಳೆಯದನ್ನು ಕೊಟ್ಟುಬಿಡುತ್ತೇನೆ ಎಂದರು. ನನಗೂ ಕುರ್ಚಿ ಹಾಕಿಸಿದರು, ಎಳನೀರು ಕೊಡಿಸಿದರು. ನನ್ನನ್ನೇ ನೋಡಿ ಮಾತಾಡಿದರು. ಇಷ್ಟು ದಿನದ ಮೇಲೆ ಒಬ್ಬ ಮನುಷ್ಯ ಸಿಕ್ಕಿದ ಎಂದು ಸಮಾಧಾನವಾಯಿತು.

ಯಂತ್ರಕ್ಕೆ ಬಣ್ಣವೇ ಇರಲಿಲ್ಲ. ಕೈ ಆಡಿದ ಕಡೆಯೆಲ್ಲ ಕಬ್ಬಿಣ ಕಪ್ಪಗೆ ನುಣುಪಾಗಿತ್ತು. ಫಲಕ ಎಂದೋ ಬಿದ್ದುಹೋಗಿತ್ತು. ಬೆಲ್ಟಿನ ಮುಚ್ಚಳ ತೆಗೆದು, ಒಳಗಿನ ಗ್ರೀಸು ಒರೆಸಿದಾಗ ಎರಕದಲ್ಲೇ ಮೂಡಿದ್ದ ಅಕ್ಷರಗಳು ಕಂಡವು. ಚೂಪಾದ ಅಂಚಿನ ಅಕ್ಷರಗಳು, ನಕಲು ಎರಕದಲ್ಲಾದರೆ ಅಂಚು ಮೊಂಡಾಗಿರುತ್ತದೆ. ಸ್ಪಿಂಡಲ್ ಸರಿಯಾಗಿ ಒಂದು ಇಂಚು. ಬಿಲ್ಲೆಗಳು, ಡ್ರಮ್ಮನ್ನು ನಡುವಿಗೆ ಕೂರಿಸುವ ಕೋನುಗಳು ಎಲ್ಲ ಮರದ ಪೆಟ್ಟಿಗೆಯಲ್ಲಿ ಒಂದೂ ಕಳೆಯದೆ ಇದ್ದವು. ಸೊಟ್ಟ ಇದ್ದರೆ ಮುಳ್ಳು ಓಡಿಸುವ ಡಯಲ್ ಗೇಜು ಇಟ್ಟು ಸ್ಪಿಂಡಲ್ ತಿರುಗಿಸಿದರೆ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು. ಇನ್ನೊಮ್ಮೆ ತಿರುಗಿಸಿ ನೋಡಿದೆ. ಮೈದುನ ನನ್ನ ಮುಖ ನೋಡಿ, ಇದು ಮಿಂಚೋದೇ ಇಲ್ಲ, ಆದ್ರೂ ನಿಮಗೆ ಇಷ್ಟ ಆಗೈತೆ ಎಂದು ನಕ್ಕ.

ಒಂದು ಡ್ರಮ್ಮು ಕಟ್ಟಿ ನೋಡಬೇಕು ಎಂದೆ. ಹಳೆಯ ಲೇತಿಗೆ ಇದೇ ಕಡೆಯ ಪರೀಕ್ಷೆ. ಡ್ರಮ್ಮಿನ ಒಳಗೆ ತೆಳ್ಳಗೆ ಒಂದು ಗೀರು ಹಾಕುವುದು, ಸೊಟ್ಟ ಇದ್ದರೆ ಅದು ಒಂದು ಬದಿಗಷ್ಟೇ ಬೀಳುತ್ತದೆ. ಡ್ರಮ್ಮನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಇನ್ನೊಂದು ಗೀರು. ಎರಡೂ ಒಂದೇ ಕಡೆ ಬಿದ್ದರೆ ಡ್ರಮ್ಮೇ ಸೊಟ್ಟ, ಎದುರುಬದುರು ಬಿದ್ದರೆ ಲೇತು ಸೊಟ್ಟ. ಮಾಲೀಕರು ಹಿಂದಿನ ಗೋಡೆಯ ಕಡೆ ಕೈ ತೋರಿಸಿ, ಯಾವ್ದಾದ್ರೂ ತಗಳಮ್ಮ ಎಂದರು.

ಗೋಡೆಯ ಹತ್ತಿರ ಡ್ರಮ್ಮುಗಳ ರಾಶಿ ಇತ್ತು. ಎಲ್ಲಕ್ಕೂ ಬೆಳ್ಳಿ ಬಣ್ಣ. ಮೇಲಿನದನ್ನು ಎತ್ತಿಕೊಂಡೆ. ಕೈಗೆ ಹಗುರ ಬಂತು. ಒಣಕಾಯಿ ಹಿಡಿದಾಗ ಒಳಗೆ ಕೊಬ್ಬರಿ ಇಲ್ಲದ್ದು ತಿಳಿಯುತ್ತದಲ್ಲ, ಹಾಗೆ. ಮಿತಿಯ ಅಚ್ಚು ಎಷ್ಟಿದೆ ನೋಡೋಣವೆಂದು ಅಂಚು ತಿರುಗಿಸಿದೆ. ಅಚ್ಚು ಇರಬೇಕಾದ ಜಾಗ ಕೈಗ್ರೈಂಡರಿನಲ್ಲಿ ಉಜ್ಜಿ ನುಣ್ಣಗಾಗಿತ್ತು, ಮೇಲೆ ಬೆಳ್ಳಿ ಬಣ್ಣ. ಇನ್ನೊಂದು ಎತ್ತಿದೆ. ಅದೂ ಹಾಗೇ. ಮತ್ತೊಂದು, ಅದರ ಕೆಳಗಿನದು, ಆ ಮೂಲೆಯದು. ಈ ಗಾಡಿಗಳ ಮಿತಿ ನನಗೆ ಬಾಯಿಪಾಠ; ಕ್ಯಾಲಿಪರ್ ಹಾಕಿದರೆ ಒಂದೊಂದೂ ಮಿತಿ ದಾಟಿ ಎಷ್ಟೋ ದೂರ ಹೋಗಿತ್ತು. ಗುಜರಿಯವರಿಂದ ಸತ್ತ ಡ್ರಮ್ಮುಗಳನ್ನು ತಂದು, ಈ ಬಂಗಾರದಂಥ ಯಂತ್ರದಲ್ಲಿ ಮತ್ತೂ ಹೆರೆದು, ಅಂಚಿನ ಅಚ್ಚು ಅಳಿಸಿ, ಬಣ್ಣ ಬಳಿದು ಜೋಡಿಸಿಟ್ಟಿದ್ದರು.

ಇವನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

ಮಾರುತ್ತೇವೆ, ಇನ್ನೇನು ಎಂದರು. ಯಾವ ಅಳುಕೂ ಇರಲಿಲ್ಲ. ಕಾಯಿ ಗಾಡಿಯವರು, ಶಾಲೆ ವ್ಯಾನಿನವರು, ಆಟೋದವರು, ಹೊಸದು ಕೊಳ್ಳಲಾಗದವರೆಲ್ಲ ಒಯ್ಯುತ್ತಾರಂತೆ. ಬಡವರಿಗೆ ಅನುಕೂಲ ಎಂದರು. ಇವು ಬಿರಿಯುತ್ತವೆ ಎಂದೆ.

"ಹಳ್ಳಿ ರೋಡು ಕಣಮ್ಮ," ಎಂದರು ಸಮಾಧಾನ ಹೇಳುವವರ ಹಾಗೆ. "ಇಲ್ಲಿ ಯಾರು ಅಷ್ಟು ಜೋರಾಗಿ ಹೋಯ್ತಾರೆ?"

ಕೋಳಿ ಹಿಕ್ಕೆ ನೋಡಿದಾಗಲೂ, ಆ ವ್ಯಾಪಾರಿಯ ಬಾಯಿ ನೋಡಿದಾಗಲೂ ಇಂಥ ಹೇಸಿಗೆ ಆಗಿರಲಿಲ್ಲ. ಆ ಗಲೀಜು ಕಣ್ಣಿಗೆ ಕಾಣುತ್ತಿತ್ತು, ತೊಳೆದರೆ ಹೋಗುತ್ತಿತ್ತು. ಇದು ಬಿಳಿ ಅಂಗಿಯೊಳಗೆ ಕೂತು ನನಗೆ ಇನ್ನೊಂದು ಎಳನೀರು ಬೇಕೇ ಎಂದು ಕೇಳುತ್ತಿತ್ತು.

ಆಗಲೇ ಗಮನಿಸಿದ್ದು, ಮೈದುನ ಪಕ್ಕದಲ್ಲಿರಲಿಲ್ಲ. ಹೊರಗೆ ರಸ್ತೆಯಲ್ಲಿ ತನ್ನ ಗಾಡಿಯ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಹೋದೆ. ಹಿಂದಿನ ವರ್ಷ ನಾನು ತವರಿಗೆ ಹೋಗಿದ್ದಾಗ ಹಿಂದಿನ ಎರಡೂ ಡ್ರಮ್ಮು ಬದಲಾಯಿಸಿದ್ದನಂತೆ. ಹೊಸದೆಂದೇ ತಂದಿದ್ದ, ಬೆಳ್ಳಿಯ ಹಾಗೆ ಮಿಂಚುತ್ತಿದ್ದವು. ಇದೇ ಅಂಗಡಿ.

ಜಾಕು ಹಾಕು ಎಂದೆ. ರಸ್ತೆ ಪಕ್ಕದಲ್ಲೇ ಚಕ್ರ ಬಿಚ್ಚಿದೆವು. ಡ್ರಮ್ಮು ಸುಲಭಕ್ಕೆ ಬರಲಿಲ್ಲ. ಸುತ್ತಿಗೆಯ ಮರದ ಹಿಡಿಯಲ್ಲಿ ಸುತ್ತಲೂ ತಟ್ಟಿದೆ. ಒಳ್ಳೆಯ ಡ್ರಮ್ಮು ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ. ಇದು ಒಡೆದ ಮಡಕೆಯ ಹಾಗೆ ದಡ್ ಎಂದಿತು. ಕಳಚಿ ನೋಡಿದರೆ ಒಳಗೆ ನೀಲಿಗಟ್ಟಿದ ಕಾವಿನ ಮಚ್ಚೆಗಳು, ಅಂಚಿನಿಂದ ಹೊರಟು ಬೋಲ್ಟಿನ ತೂತಿನವರೆಗೆ ಹರಿದಿದ್ದ ಒಂದು ಬಿರುಕು. ಬಿರುಕಿನೊಳಗೆ ನನ್ನ ಉಗುರು ಕೂತಿತು.

ಹಿಂದಿನ ಭಾನುವಾರವಷ್ಟೇ ಮೈದುನ ಅದೇ ಗಾಡಿಯಲ್ಲಿ, ಹೆಂಡತಿಯನ್ನು ಮುಂದೆ ಕೂರಿಸಿಕೊಂಡು, ಅವಳ ಮಡಿಲಲ್ಲಿ ಮಗಳನ್ನು ಕೂರಿಸಿಕೊಂಡು ಚಿಕ್ಕನಾಯಕನಹಳ್ಳಿಗೆ ಹೋಗಿ ಬಂದಿದ್ದ. ಹಿಂದೆ ಕಾಯಿ ಹೇರಿತ್ತು. ಅವನು ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ ಮಾಲೀಕರ ಮೇಜಿನ ಮೇಲೆ ಇಟ್ಟ.

"ಇದ್ರಲ್ಲಿ ನನ್ನ ಮಗು ಕೂತಿತ್ತು ಕಣ್ರೀ," ಎಂದ.

ಮಾಲೀಕರು ಕನ್ನಡಕ ಹಾಕಿಕೊಂಡು ಬಿರುಕು ನೋಡಿದರು. ಓವರ್‌ಲೋಡ್ ಹಾಕಿದ್ದೀಯ, ಅದಕ್ಕೇ ಎಂದರು. ಬೇಕಾದರೆ ಇನ್ನೊಂದು ಜೊತೆ ದುಡ್ಡಿಲ್ಲದೆ ಹಾಗೇ ಒಯ್ಯಿ ಎಂದು ಅದೇ ರಾಶಿಯ ಕಡೆ ಕೈ ತೋರಿಸಿದರು.

ಮೈದುನನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಅಚ್ಚು ಇರುವ ಹೊಸ ಡ್ರಮ್ಮುಗಳನ್ನು ತಂದು, ರಸ್ತೆಯಲ್ಲೇ ಹಾಕಿಕೊಂಡು ಊರಿಗೆ ಹೊರಟೆವು. ಇಳಿಜಾರು ಬಂದಲ್ಲೆಲ್ಲ ಅವನು ಗಾಡಿಯನ್ನು ತೆವಳಿಸಿದ.

ಮನೆಯಲ್ಲಿ ಆ ಯಂತ್ರದ ಮಾತೇ ಬೇಡ ಎಂದ ಮೈದುನ. ನನಗೂ ಬೇಡವೆನಿಸಿತ್ತು. ಆದರೆ ಎರಡು ದಿನ ಕಳೆದರೂ ಗೇಜಿನ ಅಲುಗದ ಮುಳ್ಳು ಕಣ್ಣೆದುರಿಂದ ಹೋಗಲಿಲ್ಲ. ಅಂಥವನ ಸಾಮಾನಿಗೆ ಆಸೆಪಡುತ್ತಿದ್ದೇನಲ್ಲ ಎಂದು ನನ್ನ ಮೇಲೂ ಅಸಹ್ಯವಾಯಿತು. ಗಂಡ ಎಲ್ಲ ಕೇಳಿಸಿಕೊಂಡು, ಅವನ ಹತ್ತಿರ ಇದ್ದರೆ ಅದು ಇನ್ನಷ್ಟು ಡ್ರಮ್ಮು ಕೆಡಿಸುತ್ತದೆ, ಕಿತ್ತುಕೊಂಡು ಬಾ ಎಂದರು. ಆ ಮಾತು ಹಿಡಿದುಕೊಂಡು, ಮೈದುನನನ್ನೂ ಒಪ್ಪಿಸಿ ಮತ್ತೆ ಹೋದೆ. ಯಂತ್ರದ ಜೊತೆ ಆ ರಾಶಿಯನ್ನೂ ಕೊಡಿ, ಗುಜರಿ ರೇಟಿಗಿಂತ ಹೆಚ್ಚೇ ಕೊಡುತ್ತೇನೆ ಎಂದು ಕೇಳಿದೆ. ಅದು ಬೇರೆ ವ್ಯಾಪಾರ ಎಂದು ತಲೆಯಾಡಿಸಿದರು. ಯಂತ್ರವೊಂದನ್ನೇ ಗಾಡಿಗೆ ಹೇರಿದೆವು.

ಹೇರುತ್ತಿರುವಾಗಲೇ ಇನ್ನೊಂದು ಗಾಡಿ ಬಂದು ನಿಂತಿತು. ತಾಡಪಾಲು ಎಳೆದರೆ ಒಳಗೆ ಗಿಣಿಹಸಿರು ಲೇತು. ತಿಪಟೂರಿನದೇ. ಎದೆಯ ಮೇಲಿನ ಹಿತ್ತಾಳೆ ಫಲಕವನ್ನು ಈಗ ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಅದರ ಎರಕ ಬಿರಿದಿದೆ, ಸ್ಪಿಂಡಲ್ಲಿಗೂ ಬಿಲ್ಲೆಗೂ ಹೊಂದುವುದಿಲ್ಲ ಎಂದು ಹೇಳಿದೆ. ಅವರಿಗಾಗಿ ಹೇಳಿದ್ದಲ್ಲ. ಅದರಲ್ಲಿ ಹೆರೆದದ್ದು ಮತ್ತೆ ಯಾರ ಚಕ್ರಕ್ಕೋ ಹೋಗುತ್ತದಲ್ಲ.

"ಬೋರ್ಡ್ ಐತಲ್ಲಮ್ಮ, ಅಮೆರಿಕಾ ಅಂತ," ಎಂದರು ಮಾಲೀಕರು. ಮೈದುನ ಆಚೆ ತಿರುಗಿಕೊಂಡ.

ನಮ್ಮ ಯಂತ್ರ ಕೊಬ್ಬರಿ ಮನೆಯ ಮೂಲೆಗೆ ಬಂತು. ಬರುವವರಿಗೆ ಹೆರೆದು ಕೊಡತೊಡಗಿದೆ. ಮಿತಿ ದಾಟಿದ್ದನ್ನು ಮುಟ್ಟುವುದಿಲ್ಲ ಎಂದರೆ ಅರ್ಧ ಜನ ಒಪ್ಪುತ್ತಿದ್ದರು. ಉಳಿದರ್ಧ, ತುರುವೇಕೆರೇಲಿ ಮಾಡ್ಕೊಡ್ತಾರೆ ಬುಡಿ ಎಂದು ಎತ್ತಿಕೊಂಡು ಹೋಗುತ್ತಿದ್ದರು. ಅವರ ಬೆನ್ನು ನೋಡುತ್ತ ನಿಲ್ಲುವಾಗ ಬಾಯಿ ಕಹಿಯಾಗುತ್ತಿತ್ತು. ಶಾಲೆಯ ವ್ಯಾನೊಂದು ಹಾಗೆ ಹೋದಾಗ ನಾನೇ ಶಾಲೆಯವರೆಗೆ ಹೋಗಿ ಹೇಳಿ ಬಂದೆ. ಅವರು ಹೊಸ ಡ್ರಮ್ಮು ಹಾಕಿಸಿದರು. ವ್ಯಾನಿನವನು ಮಾತ್ರ ನನ್ನನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತಾನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತುರುವೇಕೆರೆಯ ಮಾಲೀಕರು ಸ್ಕೂಟರಿನಲ್ಲಿ ಬಂದಿಳಿದರು. ಕಾಲ ಬಳಿ ಗೋಣಿಚೀಲ. ಅದೇ ಬಿಳಿ ಅಂಗಿ. ಚೀಲದಿಂದ ಕಾರಿನ ಎರಡು ಡ್ರಮ್ಮು ತೆಗೆದು, ಪತ್ರಿಕೆ ಹಾಸಿ ಅದರ ಮೇಲೆ ಇಟ್ಟರು. ಆ ಹೊಸ ಯಂತ್ರ ಸರಿ ಬರುತ್ತಿಲ್ಲ, ಒಳಮೈ ತರಿತರಿ ಆಗುತ್ತದೆ ಎಂದರು. ಎರಡೂ ಡ್ರಮ್ಮಿನ ಅಂಚಿನ ಮೇಲೆ ಮಿತಿಯ ಅಚ್ಚು ಸ್ಪಷ್ಟವಾಗಿ ಇತ್ತು. ಅದನ್ನು ಯಾರೂ ಉಜ್ಜಿರಲಿಲ್ಲ.

"ನಂದೇ ಕಾರು ಕಣಮ್ಮ," ಎಂದರು. "ಮಗಳು ಬಾಣಂತನಕ್ಕೆ ಬಂದವ್ಳೆ, ಕೂಸನ್ನ ಆಸ್ಪತ್ರೆಗೆ ಕರ್ಕಂಡ್ ಓಡಾಡ್ಬೇಕು. ಲಿಮಿಟ್ ನೋಡ್ಕಂಡ್ ಮಾಡು."

ನಾನು ಅವರ ಮುಖವನ್ನೇ ನೋಡಿದೆ. ಎಲ್ಲಾದರೂ ಒಂದು ಎಳೆ ನಾಚಿಕೆ ಸುಳಿದೀತೇ ಎಂದು ಕಾದೆ. ಅಲ್ಲಿ ಇದ್ದದ್ದು ಕೂಸಿನ ಮೇಲಿನ ಪ್ರೀತಿ ಮಾತ್ರ. ಅದು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಹೇಸಿಗೆಯಾಯಿತು.

ಅಳೆದೆ. ಒಂದು ತೆಳುವಾಗಿ ಹೆರೆದರೆ ಮಿತಿಯೊಳಗೆ ನಿಲ್ಲುತ್ತಿತ್ತು. ಇನ್ನೊಂದು ಆಗಲೇ ಮಿತಿ ಮುಟ್ಟಿತ್ತು. ಹೇಳಿದೆ.

"ಹಂಗಾದ್ರೆ ಅದು ಬ್ಯಾಡ. ಹೊಸದೇ ಹಾಕ್ತೀನಿ," ಎಂದರು ತಕ್ಷಣ. "ಬ್ರೇಕಿನ ವಿಷ್ಯದಲ್ಲಿ ಆಟ ಆಡ್ಬಾರ್ದು."

ಮೊದಲನೆಯದನ್ನು ಕಟ್ಟಿ ಹೆರೆದುಕೊಟ್ಟೆ. ಕೆಲಸ ಕೆಡಿಸಲು ಕೈ ಬರಲಿಲ್ಲ. ಸ್ವಚ್ಛವಾಗಿ ಒರೆಸಿ ಕೊಟ್ಟೆ. ಅವರು ಅದನ್ನು ಚೀಲಕ್ಕೆ ಹಾಕಿಕೊಂಡು, ಬೇಡವೆಂದ ಇನ್ನೊಂದಕ್ಕೂ ಕೈ ಚಾಚಿದರು. ಅದು ಯಾಕೆ ಎಂದೆ. ಗುಜರಿಗೆ ಹಾಕುತ್ತೇನೆ ಎಂದರು, ನನ್ನ ಕಣ್ಣು ನೋಡದೆ. ಇಷ್ಟು ಹೊತ್ತಿನಲ್ಲಿ ಅವರು ಕಣ್ಣು ತಪ್ಪಿಸಿದ್ದು ಅದೊಂದೇ ಸಲ.

ಕಾಯಿ ಸುಲಿಯುತ್ತಿದ್ದ ಮೈದುನ ಎದ್ದು ಬಂದ. ಯಾರನ್ನೂ ಕೇಳದೆ ಆ ಡ್ರಮ್ಮನ್ನು ಅಂಗಳದ ಚಪ್ಪಡಿಯ ಮೇಲೆ ಇಟ್ಟು, ದೊಡ್ಡ ಸುತ್ತಿಗೆ ತಂದು ಬೀಸಿದ. ಎರಕದ ಕಬ್ಬಿಣ, ಎರಡನೆಯ ಏಟಿಗೆ ಹೋಳಾಯಿತು. ಹೋಳುಗಳನ್ನು ಆಯ್ದು ಅವರ ಚೀಲಕ್ಕೆ ತುಂಬಿ, "ಗುಜರಿಗೆ ತಾನೆ, ತಗಳಿ," ಎಂದ.

ಮಾಲೀಕರು ಸಿಟ್ಟಾಗಲಿಲ್ಲ. ಯಾಕಪ್ಪ ಅಷ್ಟು ಕಷ್ಟಪಟ್ಟೆ ಎಂದು, ಚೀಲದ ಬಾಯಿ ಕಟ್ಟಿ, ನನಗೆ ಕೈ ಮುಗಿದು, ಸ್ಕೂಟರು ಹತ್ತಿ ಹೋದರು.

ಅವರದನ್ನು ಯಾಕೆ ಮಾಡಿಕೊಟ್ಟಿರಿ ಎಂದು ಮೈದುನ ಆಮೇಲೆ ಕೇಳಿದ. ಕಾರಿನಲ್ಲಿ ಕೂಸು ಕೂರುತ್ತದೆ ಎಂದೆ. ಅವನು ಥೂ ಎಂದು ರಸ್ತೆಯ ಕಡೆಗೆ ಉಗಿದು, ಉಳಿದ ಕಾಯಿ ಸುಲಿಯಲು ಕೂತ.